ಗುಳ್ಳಕ್ಕೆ ಒಡೆಯರಿಲ್ಲವೇ?

ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಭಾಜಿ ಗಲ್ಲಿಯಲ್ಲಿ ನಾವು ಬದನೆಯನ್ನು ಆರಿಸುವ ಕ್ರಮ ಒಂದೇ: ತೊಟ್ಟು ಹಸಿರಾಗಿರಬೇಕು, ಮೈಮೇಲೆ ತೂತಿರಬಾರದು. ತೂತಿಲ್ಲದ ಆ ಕಾಯಿಗಾಗಿ ರೈತ ಎಷ್ಟು ಸಲ ವಿಷ ಸಿಂಪಡಿಸಿದನೆಂದು ನಾವು ಎಂದೂ ಕೇಳಿದವರಲ್ಲ. ಆದ್ದರಿಂದ ‘ಕುಲಾಂತರಿ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹೌಹಾರುವ ಹಕ್ಕು ನಮಗೆ ಅಷ್ಟಾಗಿ ಇಲ್ಲ.

ಕಾಯಿಕೊರಕ ಹುಳುವಿನ ಕಾಟ ಸುಳ್ಳಲ್ಲ. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಸೇರಿಸಿದರೆ ಆ ಹುಳುವಿಗೆ ಮಾರಕವಾದ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುತ್ತದೆ. ಬಾಂಗ್ಲಾದೇಶದ ರೈತರು 2014ರಿಂದ ಇಂಥ ಬದನೆಯನ್ನು ಬೆಳೆಯುತ್ತಿದ್ದಾರೆ. ಅದನ್ನು ತಿಂದವರೆಲ್ಲ ರೋಗಿಗಳಾಗುವರೆಂದು ಹೆದರಿಸುವವರ ಮಾತನ್ನು ನಾವು ಒಪ್ಪೆವು.

ನಮ್ಮ ತಕರಾರು ಬೇರೆ. ಬಿ.ಟಿ. ಬದನೆಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಳಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದು. ಕಟಪಾಡಿಯ ಬಳಿಯ ಮಟ್ಟುವಿನವರು, ವಾದಿರಾಜರು ಕೊಟ್ಟ ಬೀಜವೆಂದೇ ನಂಬಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಬದನೆಯಿದು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಸ್ಥಳೀಯ ತಳಿಗಳನ್ನು ಹೀಗೆ ಬಳಸುವಾಗ 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆದಿಲ್ಲವೆಂಬ ದೂರು ಬಂತು. ಕಾನೂನು ಕ್ರಮಕ್ಕೆ ಮುಂದಾಗುವುದೆಂದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ನಿರ್ಧರಿಸಿತು. ಸೇರಿಸಿದ ವಂಶವಾಹಿಗೆ ಒಡೆಯರುಂಟು, ಒಪ್ಪಂದವುಂಟು, ಸಹಿಯುಂಟು. ಅದನ್ನು ಹೊತ್ತ ಗುಳ್ಳಕ್ಕೆ ಮಾತ್ರ ಯಾರೂ ಇಲ್ಲವೇ?

ಧಾರವಾಡದ ತಳಿಗಳು ಹೈಬ್ರಿಡ್ ಅಲ್ಲ, ರೈತರು ಬೀಜ ಉಳಿಸಿಕೊಳ್ಳಬಹುದು ಎಂಬ ಸಮಾಧಾನವನ್ನು ಕೇಳಿದ್ದೇವೆ. ಅದು ನಿಜವೇ. ಆದರೆ ಮನೆಯ ಒಡವೆಯನ್ನು ಕೇಳದೆ ಒಯ್ದು, ಮೆರುಗು ಹಾಕಿಸಿ ತಂದುಕೊಟ್ಟವರಿಗೆ ನಾವು ಕೃತಜ್ಞರಾಗಿರಬೇಕೇ? ಹತ್ತಿಯಲ್ಲಿ ಆ ಸಮಾಧಾನವೂ ಇರಲಿಲ್ಲ. 2002ರಲ್ಲಿ ಬಂದ ಬಿ.ಟಿ. ಹತ್ತಿ ಮೊದಮೊದಲು ಸಿಂಪಡಣೆಯನ್ನು ತಗ್ಗಿಸಿತು. ಬರಬರುತ್ತ ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡಿತು. ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಕೊಳ್ಳುವ ಪಾಡು ಮಾತ್ರ ರೈತನಿಗೆ ಉಳಿಯಿತು.

ಬದನೆಗೆ ತಜ್ಞರ ಸಮಿತಿ 2009ರ ಅಕ್ಟೋಬರಿನಲ್ಲಿ ಹಸಿರು ನಿಶಾನೆ ತೋರಿಸಿತು. ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರವರಿ 9ರಂದು ತಡೆಯೊಡ್ಡಿದರು. ಒಪ್ಪಿಗೆ ಮೊದಲು, ಕೇಳುವುದು ಆಮೇಲೆ! ಅದೂ ನಗರಗಳಲ್ಲಿ.

ಆ ತಡೆ ತೆರವಾಗುವ ದಿನ ಬಂದರೆ ಮೊದಲ ಸಭೆ ಮಟ್ಟುವಿನ ಗದ್ದೆಯ ಬದಿಯಲ್ಲಿ, ತುಳು ಕನ್ನಡಗಳಲ್ಲಿ ನಡೆಯಲಿ. ಬೇಡವೆಂದರೆ ಬೇಡ ಎಂದು ಬರೆದುಕೊಳ್ಳುವ ಲೇಖನಿಯೂ ಅಲ್ಲಿರಲಿ. ಭಾಜಿ ಗಲ್ಲಿಯ ಬುಟ್ಟಿಯಲ್ಲಿ ರಾಶಿಬಿದ್ದ ಕಾಯಿ ಯಾವುದೆಂದು ಕೊಳ್ಳುವ ನಮಗೆ ತಿಳಿಸುವವರು ಯಾರೆಂಬುದೂ ಅಂದೇ ತೀರ್ಮಾನವಾಗಲಿ.