ಚಿತ್ರದಲ್ಲಿ ಕಾಣದ ಕೈ

ಹುಟ್ಟಿ ಎರಡು ವಾರವೂ ತುಂಬದ ಹಸುಗೂಸನ್ನು ಸ್ಟುಡಿಯೋವಿಗೆ ಕೊಂಡೊಯ್ದು, ಅಥವಾ ಸ್ಟುಡಿಯೋವಿನವರನ್ನೇ ಮನೆಗೆ ಬರಮಾಡಿಕೊಂಡು, ಬಗೆಬಗೆಯ ಭಂಗಿಗಳಲ್ಲಿ ಅದರ ಛಾಯಾಚಿತ್ರ ತೆಗೆಯಿಸುವ ಪದ್ಧತಿಯು ನಮ್ಮ ದೊಡ್ಡ ಪಟ್ಟಣಗಳಲ್ಲಿ ಈಚಿನ ವರ್ಷಗಳಲ್ಲಿ ಬಲವಾಗಿ ಬೇರೂರಿರುವುದನ್ನು ನಮ್ಮ ವಾಚಕರು ಬಲ್ಲರು. ಮಗುವು ಬುಟ್ಟಿಯಲ್ಲಿ ಮುದುಡಿ ಮಲಗಿರುವಂತೆ, ಮರದ ಅರ್ಧಚಂದ್ರನ ಮೇಲೆ ಒರಗಿರುವಂತೆ, ಕೊಂಬೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ತೂಗುತ್ತಿರುವಂತೆ, ನವಿಲುಗರಿ ಮುಡಿದು ಬಾಲಕೃಷ್ಣನಾಗಿರುವಂತೆ ತೆಗೆದ ಈ ಚಿತ್ರಗಳು ಬಂಧುಮಿತ್ರರ ಮೊಬೈಲುಗಳಲ್ಲಿ ದಿನವೂ ಹರಿದಾಡುತ್ತಿವೆ. ಚಿತ್ರಗಳು ಮನೋಹರವಾಗಿವೆ; ಆ ವಿಷಯದಲ್ಲಿ ನಮ್ಮ ತಕರಾರಿಲ್ಲ. ಆದರೆ ಅವು ಹೇಗೆ ಸಿದ್ಧವಾಗುತ್ತವೆಂಬುದನ್ನು ಅವುಗಳಿಗಾಗಿ ಸಾವಿರಗಟ್ಟಲೆ ಹಣ ತೆರುವ ತಂದೆತಾಯಿಗಳೇ ಸರಿಯಾಗಿ ಅರಿತಿಲ್ಲವೆಂದು ನಮಗೆ ತೋರುವುದರಿಂದ, ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ಭಾವಿಸಿದ್ದೇವೆ.

ಈ ಭಂಗಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕಪ್ಪೆಯ ಭಂಗಿ ಎಂದು ಆ ಕಸುಬಿನವರು ಕರೆಯುವಂಥದು. ಎಂಟು ಹತ್ತು ದಿನದ ಶಿಶುವು ಮೊಣಕೈಗಳನ್ನು ಹಾಸಿನ ಮೇಲೆ ಊರಿ, ಎರಡು ಅಂಗೈಗಳ ಮೇಲೆ ಗದ್ದವನ್ನಿಟ್ಟು, ಯಾವುದೋ ಗಹನವಾದ ವಿಚಾರದಲ್ಲಿ ಮುಳುಗಿದ ಪಂಡಿತನಂತೆ ಕಣ್ಣುಮುಚ್ಚಿ ಕುಳಿತಿರುತ್ತದೆ. ನೋಡಿದವರು 'ಎಷ್ಟು ಮುದ್ದಾಗಿದೆ' ಎನ್ನುತ್ತಾರೆಯೇ ಹೊರತು, ಇದು ಸಾಧ್ಯವೆ ಎಂದು ಕೇಳುವವರು ಅಪರೂಪ. ಮಗುವಿಗೆ ಕತ್ತು ನಿಲ್ಲುವುದು ಮೂರು ನಾಲ್ಕು ತಿಂಗಳಾದ ಮೇಲೆ ಎಂಬುದು ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಅಲ್ಲಿಯವರೆಗೆ ಮಗುವನ್ನು ಎತ್ತಿಕೊಳ್ಳುವವರೆಲ್ಲರಿಗೂ 'ಕತ್ತಿನ ಕೆಳಗೆ ಕೈ ಕೊಡು' ಎಂದು ಅಜ್ಜಿಯಾದವಳು ನಡುಮನೆಯಿಂದಲೇ ಕೂಗಿ ಹೇಳುತ್ತಾಳೆ. ನವಜಾತ ಶಿಶುವಿನ ತಲೆಯು ಅದರ ಒಟ್ಟು ಉದ್ದದ ನಾಲ್ಕನೆಯ ಒಂದು ಪಾಲು. ಅಷ್ಟು ದೊಡ್ಡ ತಲೆಯನ್ನು ಹೊರಲು ಬೇಕಾದ ಬಲ ಆ ಕುತ್ತಿಗೆಗೆ ಇನ್ನೂ ಬಂದಿರುವುದಿಲ್ಲ. ಹೀಗಿರುವಾಗ ಆ ಮಗುವು ತನ್ನ ತಲೆಯನ್ನು ತಾನೇ ಎತ್ತಿ ಹಿಡಿದಿದೆಯೆಂದು ಚಿತ್ರವು ಹೇಳಿದರೆ, ಚಿತ್ರವು ಸುಳ್ಳು ಹೇಳುತ್ತಿದೆ ಎಂದೇ ಅರ್ಥ.

ಬಲ್ಲ ಛಾಯಾಗ್ರಾಹಕರು ಈ ಸುಳ್ಳನ್ನು ಜಾಗರೂಕತೆಯಿಂದ ಹೇಳುತ್ತಾರೆ. ಅವರ ಕ್ರಮವು ಹೀಗಿದೆ: ಮೊದಲನೆಯ ಪ್ರತಿಯನ್ನು ತೆಗೆಯುವಾಗ ಸಹಾಯಕಿಯೊಬ್ಬಳು ಮಗುವಿನ ನೆತ್ತಿಯನ್ನು ಬೆರಳುಗಳಿಂದ ಆನಿಸಿ ಹಿಡಿದಿರುತ್ತಾಳೆ. ಎರಡನೆಯ ಪ್ರತಿಯಲ್ಲಿ ಅವಳ ಕೈ ಮಗುವಿನ ಮುಂಗೈಗಳಿಗೆ ಇಳಿಯುತ್ತದೆ. ತಲೆಯ ಭಾರವೆಲ್ಲ ಆ ಹಿಡಿತದ ಮೇಲೆ ನಿಲ್ಲುತ್ತದೆ. ಒಂದು ಕ್ಷಣವೂ ಮಗುವು ಆಸರೆಯಿಲ್ಲದೆ ಇರುವುದಿಲ್ಲ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಮೊದಲನೆಯದರಿಂದ ಕೆಳಗಿನ ಅರ್ಧವನ್ನೂ ಎರಡನೆಯದರಿಂದ ಮೇಲಿನ ಅರ್ಧವನ್ನೂ ಕೂಡಿಸಿ, ಕೈಯನ್ನು ಅಳಿಸಿಬಿಡುತ್ತಾರೆ. ಕೊಂಬೆಗೆ ತೂಗುವ ಮಗುವೂ ಹಾಗೆಯೇ: ಅದು ನಿಜವಾಗಿ ಮಲಗಿರುವುದು ನೆಲದ ಮೇಲಿನ ಮೆತ್ತೆಯ ಮೇಲೆ, ಕೊಂಬೆಯು ಬಳಿಕ ಬಂದು ಸೇರುತ್ತದೆ. ಬುಟ್ಟಿಯು ಮಗುಚದಂತೆ ಅದರ ತಳದಲ್ಲಿ ಭಾರವಿಟ್ಟು, ಚೌಕಟ್ಟಿನ ಅಂಚಿನಾಚೆ ತಾಯಿಯೋ ತಂದೆಯೋ ಕೈಚಾಚಿ ಕುಳಿತಿರುತ್ತಾರೆ. ಅಂದರೆ ಆ ಚಿತ್ರಗಳಲ್ಲೆಲ್ಲ ಮುಖ್ಯವಾದ ವಸ್ತು ಒಂದು ಕೈ, ಕಾಣದಿರುವುದೂ ಅದೊಂದೇ.

ಈ ಕಣ್ಣುಮುಚ್ಚಾಲೆ ಹೊಸದಲ್ಲ. 1839ರಲ್ಲಿ ಫ್ರಾನ್ಸಿನ ದಾಗೆರನ ವಿಧಾನವು ಪ್ರಕಟವಾದ ಬಳಿಕ ಹಲವು ದಶಕಗಳವರೆಗೆ, ಚಿತ್ರವು ಮೂಡಬೇಕಾದರೆ ಕುಳಿತವರು ಕೆಲವು ಸೆಕೆಂಡುಗಳಾದರೂ ಅಲುಗದೆ ಇರಬೇಕಾಗಿತ್ತು. ಕೂಸು ಅಲುಗದೆ ಇರುವುದುಂಟೆ? ಆದುದರಿಂದ ಯುರೋಪು ಅಮೆರಿಕಗಳ ಸ್ಟುಡಿಯೋಗಳಲ್ಲಿ ತಾಯಿಯನ್ನೇ ಕುರ್ಚಿಯ ಮೇಲೆ ಕೂರಿಸಿ, ಅವಳ ಮೇಲೆ ಜಮಖಾನವನ್ನೋ ಪರದೆಯನ್ನೋ ಹೊದಿಸಿ, ಅವಳ ತೊಡೆಯ ಮೇಲೆ ಮಗುವನ್ನಿಟ್ಟು ಚಿತ್ರ ತೆಗೆಯುತ್ತಿದ್ದರು. ಇಂತಹ ಹಳೆಯ ಚಿತ್ರಗಳನ್ನು ಸುಮಾರು ಒಂದು ಸಾವಿರ ಕೂಡಿಹಾಕಿ ಲಿಂಡಾ ಫ್ರೆಗ್ನಿ ನಾಗ್ಲರ್ ಎಂಬ ಕಲಾವಿದೆಯು 2013ರಲ್ಲಿ ವೆನಿಸ್ಸಿನ ಕಲಾಪ್ರದರ್ಶನದಲ್ಲಿಟ್ಟಿದ್ದಳು. ಮಗುವಿನ ಹಿಂದೆ ಮುಸುಕು ಹಾಕಿದ ಬೆಟ್ಟದಂತೆ ಕುಳಿತಿರುವ ಆ ತಾಯಂದಿರನ್ನು ನೋಡಿದರೆ ಇಂದಿನವರಿಗೆ ನಗುವೂ ಬರಬಹುದು, ಮೈಯೂ ಜುಮ್ಮೆನ್ನಬಹುದು. ಆದರೆ ಒಂದು ಮಾತನ್ನು ಒಪ್ಪಬೇಕು. ಆ ಮುಸುಕು ಯಾರನ್ನೂ ಮೋಸಗೊಳಿಸುತ್ತಿರಲಿಲ್ಲ. ಅದರೊಳಗೆ ಒಬ್ಬಳಿದ್ದಾಳೆಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಇಂದು ಕ್ಯಾಮರಾವು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ತನ್ನ ಕೆಲಸವನ್ನು ಮುಗಿಸುತ್ತದೆ. ಆದರೂ ಹಿಡಿದವರನ್ನು ಅಳಿಸುವ ಕೆಲಸ ನಿಂತಿಲ್ಲ. ಅಂದು ಅಳಿಸಿದ್ದು ಯಂತ್ರದ ನಿಧಾನಕ್ಕಾಗಿ; ಇಂದು ಅಳಿಸುತ್ತಿರುವುದು ಆಗದ ಭಂಗಿಯನ್ನು ಆದಂತೆ ತೋರಿಸುವುದಕ್ಕಾಗಿ.

ಅಳಿಸಿದರೆ ಆಗುವ ಹಾನಿಯೇನು ಎಂದು ಕೆಲವರು ಕೇಳಬಹುದು. ಹಾನಿಯು ಆ ಚಿತ್ರದಲ್ಲಿರುವ ಮಗುವಿಗಲ್ಲ, ಅದನ್ನು ನೋಡಿ ನಕಲು ಮಾಡಿಸಿಕೊಳ್ಳುವ ಮುಂದಿನ ಮಗುವಿಗೆ. ನಿನ್ನೆಯವರೆಗೆ ಮದುವೆ ಮುಂಜಿಗಳ ಚಿತ್ರ ತೆಗೆಯುತ್ತಿದ್ದ ಯುವಕನೊಬ್ಬನು ಇನ್‌ಸ್ಟಾಗ್ರಾಮಿನಲ್ಲಿ ಕಪ್ಪೆಯ ಭಂಗಿಯನ್ನು ಕಂಡು, ಒಂದು ಮೆತ್ತೆಯನ್ನೂ ನಾಲ್ಕು ಬುಟ್ಟಿಗಳನ್ನೂ ಕೊಂಡು, ಬಾಗಿಲಿಗೆ ಹಲಗೆ ತೂಗುಹಾಕುತ್ತಾನೆ. ಅಥವಾ ಉತ್ಸಾಹಿಯಾದ ಸೋದರಮಾವನೊಬ್ಬನು ಮನೆಯ ಮಂಚದ ಮೇಲೆಯೇ ಪ್ರಯೋಗಕ್ಕೆ ಕೈಹಾಕುತ್ತಾನೆ. ಎರಡು ಪ್ರತಿಗಳ ಸಂಗತಿ ಇಬ್ಬರಿಗೂ ತಿಳಿಯದು. ತಿಳಿದಿರುವುದು ಚಿತ್ರವೊಂದೇ, ಚಿತ್ರದಲ್ಲಿ ಕೈಯಿಲ್ಲ. ಶಿಶುವಿನ ಗದ್ದವು ಎದೆಗೆ ಒತ್ತಿಕೊಂಡರೆ ಅದರ ಮೃದುವಾದ ಶ್ವಾಸನಾಳವು ಮಡಿಸಿಕೊಂಡು ಉಸಿರಾಟಕ್ಕೆ ಅಡ್ಡಿಯಾಗುತ್ತದೆ; ಆಗ ಅದು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲ, ನಿದ್ರಿಸುತ್ತಿರುವಂತೆಯೇ ಕಾಣುತ್ತದೆ. ಸ್ಟುಡಿಯೋವಿನಲ್ಲಿ ಎಲ್ಲರೂ ಬಯಸುವುದು ಆ ನಿದ್ರೆಯನ್ನೇ ಎಂಬುದನ್ನು ವಾಚಕರು ಗಮನಿಸಬೇಕು. ಕೂಸನ್ನು ಅಂಗಾತ ಮಲಗಿಸಬೇಕೆಂದು ಅಮೆರಿಕದಲ್ಲಿ 1994ರಿಂದ ದೊಡ್ಡ ಪ್ರಚಾರ ನಡೆಯಿತು. ನಮ್ಮ ವೈದ್ಯರೂ ಅದನ್ನೇ ಹೇಳುತ್ತಾರೆ. ಸ್ಟುಡಿಯೋವಿನ ಮೆತ್ತೆಯ ಮೇಲೆ ಅದನ್ನು ಬೋರಲಾಗಿ ಮುದುಡಿ ಮಲಗಿಸುತ್ತಾರೆ. ಎವೆಯಿಕ್ಕದೆ ನೋಡುತ್ತ ಪಕ್ಕದಲ್ಲಿ ಒಬ್ಬರಿದ್ದರೆ ಅದು ಬೇರೆ ಮಾತು. ಎಲ್ಲರೂ ಕ್ಯಾಮರಾದ ಪರದೆಯನ್ನು ನೋಡುತ್ತಿದ್ದರೆ?

ಈ ಗಾಢನಿದ್ರೆಯನ್ನು ಬರಿಸುವುದೇ ಒಂದು ಏರ್ಪಾಡು. ಐದನೆಯ ದಿನದಿಂದ ಹದಿನಾಲ್ಕನೆಯ ದಿನದ ಒಳಗಾದರೆ ಮಗುವು ಹೆಚ್ಚು ಮಲಗುತ್ತದೆ, ಗರ್ಭದಲ್ಲಿದ್ದಂತೆ ಮಡಿಸಿದ ಕಡೆಗೆ ಮಡಿಸಿಕೊಳ್ಳುತ್ತದೆ ಎಂದು ಆ ದಿನಗಳನ್ನೇ ಆರಿಸುತ್ತಾರೆ. ಬಟ್ಟೆಯಿಲ್ಲದ ಮಗುವಿಗೆ ಚಳಿಯಾಗದಂತೆ ಕೋಣೆಯನ್ನು ಹೀಟರಿನಿಂದ ಬಿಸಿಮಾಡುತ್ತಾರೆ; ದೊಡ್ಡವರು ಬೆವರು ಒರೆಸಿಕೊಳ್ಳುತ್ತ ಕೆಲಸ ಮಾಡುತ್ತಾರೆ. ಇದು ಸರಿಯಾದುದೇ. ನವಜಾತ ಶಿಶುವಿಗೆ ನಮ್ಮಂತೆ ನಡುಗಿ ಮೈಕಾಯಿಸಿಕೊಳ್ಳುವ ಶಕ್ತಿಯಿಲ್ಲ; ಅದರ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಆದರೆ ಹೀಟರು ಒಂದು ಮಾರು ಹತ್ತಿರವಾದರೆ ಎಳೆಯ ಚರ್ಮ ಸುಡುತ್ತದೆ, ದೂರವಾದರೆ ಮಗು ತಣ್ಣಗಾಗುತ್ತದೆ. ಬಟ್ಟೆಯ ಸುತ್ತು ಬಿಗಿಯಾದರೆ ಕೈಕಾಲು ನೀಲಿಗಟ್ಟುತ್ತದೆ. ನುರಿತವರು ನಡುನಡುವೆ ಬೆರಳುಗಳ ಬಣ್ಣವನ್ನು ನೋಡಿ, ಭಂಗಿಯನ್ನು ಬಿಡಿಸಿ, ತಾಯಿಯ ಮಡಿಲಿಗೆ ಮರಳಿಸುತ್ತಾರೆ. ಹೀಗೆ ಎರಡು ಮೂರು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು. ಹೊಲಿಗೆಯ ನೋವು ಇನ್ನೂ ಮಾಗದ ಬಾಣಂತಿಯು ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಹಾಲೂಡಿಸುತ್ತ ಕಾದಿರಬೇಕು. ಅವಳ ವಿಷಯವನ್ನು ಯಾವ ಜಾಹೀರಾತಿನಲ್ಲಿಯೂ ನಾವು ಕಂಡಿಲ್ಲ.

ಚಿತ್ರ ತೆಗೆದ ಮೇಲೆ ನಡೆಯುವ ಇನ್ನೊಂದು ಕೆಲಸವಿದೆ. ಅದನ್ನು ಹೇಳದೆ ಬಿಡಲಾರೆವು. ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮೊದಲ ವಾರದಲ್ಲಿ ಸ್ವಲ್ಪಮಟ್ಟಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಬಹುಪಾಲು ತಾನಾಗಿ ಇಳಿದುಹೋಗುತ್ತದೆ. ಕೆಲವಕ್ಕೆ ಏರಿ, ಬೆಳಕಿನ ಚಿಕಿತ್ಸೆ ಬೇಕಾಗುತ್ತದೆ. ಅಲಕ್ಷಿಸಿದರೆ ಮೆದುಳಿಗೆ ಅಪಾಯವುಂಟು. ಮೈಯ ಹಳದಿ ಬಣ್ಣವೇ ಅದರ ಮೊದಲ ಗುರುತು. ಸ್ಟುಡಿಯೋವಿನವರು ಕಂಪ್ಯೂಟರಿನಲ್ಲಿ ಮೊದಲು ತೊಡೆಯುವುದು ಆ ಹಳದಿಯನ್ನೇ. ಸುಲಿಯುತ್ತಿರುವ ಚರ್ಮವು ನುಣುಪಾಗುತ್ತದೆ, ಹಳದಿಯು ಗುಲಾಬಿಯಾಗುತ್ತದೆ, ದೂರದೂರಿನ ಅಜ್ಜಿಯು ಚಿತ್ರವನ್ನು ನೋಡಿ ಮೊಮ್ಮಗುವು ಸೌಖ್ಯವಾಗಿದೆಯೆಂದು ಸಮಾಧಾನ ತಾಳುತ್ತಾಳೆ. ಎದುರಿಗಿದ್ದರೆ ಆ ಮುದುಕಿಯೇ 'ಮಗುವಿನ ಕಣ್ಣು ಹಳದಿಯಾಗಿದೆ, ಡಾಕ್ಟರಿಗೆ ತೋರಿಸಿ' ಎಂದು ಮೊದಲು ಹೇಳುತ್ತಿದ್ದಳು. ಚಿತ್ರವನ್ನು ತಿದ್ದುವ ಮುಂಚೆ ಈ ಹಳದಿಯನ್ನು ತಾಯಿತಂದೆಗಳ ಗಮನಕ್ಕೆ ತರುವ ಛಾಯಾಗ್ರಾಹಕನು ಮಗುವಿಗೆ ಮಾಡುವ ಉಪಕಾರವು ಅವನ ಚಿತ್ರಕ್ಕಿಂತ ದೊಡ್ಡದು.

ಹಳೆಯದೆಲ್ಲ ಒಳ್ಳೆಯದೆಂದು ವಾದಿಸುವ ಉದ್ದೇಶ ನಮಗಿಲ್ಲ. ಬಾಣಂತಿಯ ಕೋಣೆಯನ್ನು ಗಾಳಿಯಾಡದಂತೆ ಮುಚ್ಚಿ ಹೊಗೆ ತುಂಬಿಸುವುದು, ಕೂಸಿನ ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು ಮೊದಲಾದುವನ್ನು ವೈದ್ಯರು ಬೇಡವೆಂದು ಹೇಳುತ್ತ ಬಂದಿದ್ದಾರೆ. ಹೇಳಿದರೂ ಬಿಡದವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದರೆ ಹತ್ತು ದಿನ ಹೊರಗಿನವರು ಕೂಸನ್ನು ಮುಟ್ಟಬಾರದೆಂಬ ಕಟ್ಟಳೆಗೆ ಜನ ಏನೇ ಕಾರಣ ಕೊಟ್ಟಿರಲಿ, ಅದರಿಂದ ಆಗುತ್ತಿದ್ದ ರಕ್ಷಣೆ ನಿಜವಾದುದು. ಮಗುವಿಗೆ ಎರೆಯುವ ಹೆಂಗಸು ಚಾಚಿದ ಎರಡು ಕಾಲುಗಳ ಮೇಲೆ ಅದನ್ನು ಬೋರಲು ಮಲಗಿಸಿಕೊಂಡಾಗಲೂ ಅವಳ ಒಂದು ಕೈ ಅದರ ಗದ್ದದ ಕೆಳಗಿರುತ್ತದೆ. ಯಾವ ಶಾಲೆಯಲ್ಲಿಯೂ ಅವಳು ಅದನ್ನು ಕಲಿತವಳಲ್ಲ. ತನಗಿಂತ ಹಿರಿಯಳಾದವಳ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ನೋಡಿ ಕಲಿತವಳು. ಸ್ಟುಡಿಯೋವಿನವರು ಯಾರ ಪಕ್ಕದಲ್ಲಿ ಕುಳಿತು ಕಲಿತಿದ್ದಾರೆ? ನಮ್ಮ ಪ್ರಶ್ನೆಯು ಇಷ್ಟೆ.

ಈ ಪ್ರಶ್ನೆಯನ್ನು ಸರಕಾರದವರೂ ಈವರೆಗೆ ಕೇಳಿಲ್ಲ. ಜಗತ್ತಿನಲ್ಲಿ ಐದು ವರ್ಷದೊಳಗೆ ತೀರಿಕೊಳ್ಳುವ ಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಕ್ಕಳು ಮೊದಲ 28 ದಿನಗಳಲ್ಲಿಯೇ ತೀರಿಕೊಳ್ಳುತ್ತಾರೆ. ಆದುದರಿಂದಲೇ ಭಾರತ ಸರಕಾರವು 2011ರಲ್ಲಿ ಮನೆಯಲ್ಲಿಯೇ ನವಜಾತ ಶಿಶುವಿನ ಆರೈಕೆಯನ್ನು ನೋಡಿಕೊಳ್ಳುವ ಯೋಜನೆಯನ್ನು ಆರಂಭಿಸಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಬೇಕು. ಕೈತೊಳೆದುಕೊಂಡು, ಮಗುವಿನ ತೂಕವನ್ನೂ ಮೈಬಿಸಿಯನ್ನೂ ನೋಡಿ, ಬರೆದುಕೊಳ್ಳಬೇಕು. ಅಲ್ಪ ಗೌರವಧನಕ್ಕೆ ದುಡಿಯುವ ಆ ಹೆಂಗಸಿಗೆ ಇದಕ್ಕಾಗಿ ತರಬೇತಿಯುಂಟು, ಲೆಕ್ಕ ಕೇಳುವ ಮೇಲಧಿಕಾರಿಯೂ ಉಂಟು. ಅದೇ 7ನೆಯ ದಿನದಂದು ಅದೇ ಮಗುವನ್ನು ಮೂರು ತಾಸು ಮಡಿಸಿ, ಸುತ್ತಿ, ಬುಟ್ಟಿಯಲ್ಲಿಡುವ ಛಾಯಾಗ್ರಾಹಕನಿಗೆ ಯಾವ ತರಬೇತಿಯೂ ಕಡ್ಡಾಯವಲ್ಲ. ಕೆಮ್ಮು ನೆಗಡಿಯಿದ್ದರೆ ಅಂದು ಕೆಲಸಕ್ಕೆ ಬರಬೇಡವೆಂದು ಹೇಳುವವರೂ ಇಲ್ಲ. ಅವನ ಸ್ಟುಡಿಯೋವು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ದಾಖಲಾಗಿದ್ದರೆ ಸಾಕು. ಆ ಅಧಿನಿಯಮವು ನೋಡುವುದು ಕೆಲಸಗಾರರ ದುಡಿಮೆಯ ಗಂಟೆಗಳನ್ನೂ ರಜೆಯನ್ನೂ. ಮೆತ್ತೆಯ ಮೇಲಿರುವ ಗಿರಾಕಿಯನ್ನಲ್ಲ.

ಚಿತ್ರವು ಯಾರದೆಂಬ ವಿಷಯದಲ್ಲಿಯೂ ಒಂದು ಮಾತು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಹಣ ಕೊಟ್ಟು ತೆಗೆಯಿಸಿದ ಛಾಯಾಚಿತ್ರದ ಸ್ವಾಮ್ಯವು, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ತೆಗೆಯಿಸಿದವರಿಗೇ ಸೇರುತ್ತದೆ. ಆದುದರಿಂದ ರುಜು ಹಾಕುವ ಮುಂಚೆ ಕರಾರಿನ ಸಣ್ಣ ಅಕ್ಷರಗಳನ್ನು ಓದುವುದು ಲೇಸು; ಚಿತ್ರಗಳನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಳ್ಳುವ ಹಕ್ಕನ್ನು ಸ್ಟುಡಿಯೋವಿನವರು ಬರೆಸಿಕೊಳ್ಳುವುದು ಅಲ್ಲಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ, ಸರಿಯೆ. ಆದರೆ ಬರಿಮೈಯ ಕೂಸನ್ನು ಊರಿಗೆಲ್ಲ ತೋರಿಸಲು ತಂದೆತಾಯಿಗಳೇ ಮುಂದಾದರೆ ಆ ಅಧಿನಿಯಮವು ಮಾಡುವುದೇನು? ಮಗುವಿಗೆ ದೃಷ್ಟಿಯಾದೀತೆಂದು ಕೆನ್ನೆಗೆ ಕಪ್ಪು ಬೊಟ್ಟಿಡುವ ಜನ ನಾವು. ಆ ಬೊಟ್ಟನ್ನಿಟ್ಟುಕೊಂಡೇ ಮಗುವು ಸಾವಿರಾರು ಅಪರಿಚಿತರ ಮುಂದೆ ಹೋಗುತ್ತಿದೆ.

ಈ ಕಸುಬನ್ನು ನಿಷೇಧಿಸಬೇಕೆಂದು ನಾವು ಕೇಳುತ್ತಿಲ್ಲ. ಇದರಲ್ಲಿ ಶ್ರದ್ಧೆಯಿಂದ ದುಡಿಯುವವರಿದ್ದಾರೆ. ಅವರಲ್ಲಿ ಅನೇಕರು ಸ್ವತಃ ತಾಯಂದಿರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಅಂಗಾತ ಮಲಗಿಸಿ, ಅಥವಾ ತಾಯಿಯ ತೋಳಿನಲ್ಲಿಟ್ಟು ತೆಗೆದ ಚಿತ್ರವು ಯಾವ ಕಪ್ಪೆಯ ಭಂಗಿಗೂ ಕಡಿಮೆಯಲ್ಲವೆಂದು ಅವರೇ ಹೇಳುತ್ತಾರೆ. ನಾವು ಕೇಳುವುದು ಸಣ್ಣ ಸಂಗತಿಗಳನ್ನು. ಆರೋಗ್ಯ ಇಲಾಖೆಯವರು ಗರ್ಭಿಣಿಯರಿಗೆಲ್ಲ ಕೊಡುವ ತಾಯಿ ಕಾರ್ಡಿನಲ್ಲಿ ಈ ಬಗ್ಗೆ ನಾಲ್ಕು ಸಾಲು ಅಚ್ಚುಹಾಕಿಸಲಿ. ಮಕ್ಕಳ ವೈದ್ಯರೂ ಛಾಯಾಗ್ರಾಹಕರ ಸಂಘಗಳೂ ಕೂಡಿ ಒಂದೆರಡು ದಿನಗಳ ಶಿಕ್ಷಣವನ್ನು ಏರ್ಪಡಿಸಲಿ. ಶಿಶುವನ್ನು ಹಿಡಿಯುವ ಬಗೆ, ಉಸಿರು ನಿಂತರೆ ಮಾಡಬೇಕಾದ ಪ್ರಥಮ ಚಿಕಿತ್ಸೆ, ಇವೆರಡು ತಿಳಿಯದವರು ಈ ಕೆಲಸಕ್ಕೆ ಕೈಹಾಕದಿರಲಿ. ಮುಂಗಡ ಹಣ ಕೊಡುವ ಮುಂಚೆ ತಂದೆಯಾದವನು ಕೇಳಬೇಕಾದುದು ಎಷ್ಟು ಚಿತ್ರ, ಯಾವ ಆಲ್ಬಮ್ ಎಂದಲ್ಲ. ಮಗುವಿನ ತಲೆಯನ್ನು ಯಾರು ಹಿಡಿಯುತ್ತಾರೆ ಎಂದು. ಸ್ಟುಡಿಯೋವಿನವರಾದರೋ, ಗೋಡೆಗೆ ತೂಗುಹಾಕಿದ ಆ ಸುಂದರ ಚಿತ್ರದ ಪಕ್ಕದಲ್ಲಿ, ಕೈ ಅಳಿಸುವುದಕ್ಕೆ ಮುಂಚಿನ ಎರಡು ಪ್ರತಿಗಳನ್ನೂ ಅದೇ ಅಳತೆಯ ಚೌಕಟ್ಟಿನಲ್ಲಿ ತೂಗುಹಾಕಲಿ.