ಪ್ರತಿ ಭಾನುವಾರವೂ ಆಯುಧಪೂಜೆ

ಆಯುಧಪೂಜೆಯ ಹಿಂದಿನ ಸಂಜೆ ಕರ್ನಾಟಕದ ಯಾವ ಊರಿನ ಯಾವ ಬೀದಿಗೆ ಹೋದರೂ ಒಂದೇ ದೃಶ್ಯ. ಬಕೆಟು, ಪೈಪು, ಹಳೆಯ ಬನಿಯನ್ನಿನ ತುಂಡು. ವರ್ಷವಿಡೀ ಧೂಳು ಹೊದ್ದು ನಿಂತಿದ್ದ ವಾಹನಗಳಿಗೆಲ್ಲ ಅಂದು ಅಭ್ಯಂಜನ. ಮರುದಿನ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಕುಂಕುಮ ತುಂಬಿದ ಬೂದುಗುಂಬಳ. ಅದರ ಮರುದಿನದಿಂದ ಮತ್ತೆ ಒಂದು ವರ್ಷ ಮರೆವು.

ಆದರೆ ಹತ್ತು ಬೀದಿಗೊಬ್ಬರಾದರೂ ಇರುತ್ತಾರೆ, ಪ್ರತಿ ಭಾನುವಾರವನ್ನೂ ಆಯುಧಪೂಜೆ ಮಾಡಿಕೊಂಡವರು. ಮೈಸೂರಿನ ಯಾವುದೋ ಹಳೆಯ ಬಡಾವಣೆಯಲ್ಲಿ ಅಂಥ ಒಬ್ಬ ನಿವೃತ್ತ ಯಜಮಾನರು ಇದ್ದಾರೆಂದು ಇಟ್ಟುಕೊಳ್ಳಿ. ಅವರ ಮನೆಯ ಮುಂದೆ ಒಂದು ಪ್ರೀಮಿಯರ್ ಪದ್ಮಿನಿ. ಬೆಳಿಗ್ಗೆ ಏಳಕ್ಕೆಲ್ಲ ಬಾನೆಟ್ ತೆರೆದಿರುತ್ತದೆ. ಹಾಲು ತರಲು ಹೊರಟ ಪಕ್ಕದ ಮನೆಯವರು, 'ಏನ್ ಸಾರ್, ಇವತ್ತೂ ಸ್ನಾನಾನಾ?' ಎಂದು ನಗುತ್ತಾರೆ. ಯಜಮಾನರೂ ನಕ್ಕು ಸುಮ್ಮನಾಗುತ್ತಾರೆ.

ಈ ಕಾರಿನ ಮೇಲಿನ ಮೋಹಕ್ಕೆ ಕಾರಣವಿದೆ. ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ತಯಾರಿಸುತ್ತಿತ್ತು. 1964ರಲ್ಲಿ ಬಂದ ಮಾದರಿಗೆ ಸುಮಾರು ಹತ್ತು ವರ್ಷಗಳ ನಂತರ ಚಿತ್ತೂರಿನ ರಾಣಿಯ ನೆನಪಿನಲ್ಲಿ 'ಪದ್ಮಿನಿ' ಎಂದು ಹೆಸರಿಟ್ಟರು. 1089 ಸಿ.ಸಿ. ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂಬಾಗಿಲಿನಲ್ಲಿ ಗಾಳಿಗೆಂದೇ ತ್ರಿಕೋನದ ಪುಟ್ಟ ಗಾಜು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯುವವರೆಗೆ ಕಾರು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದದ್ದನ್ನು ಜನ ಮಗುವಿನಂತೆ ನೋಡಿಕೊಂಡರು. ಈ ಶತಮಾನದ ಆರಂಭಕ್ಕೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದೂ 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಈಗ ಉಳಿದಿರುವ ಕಾರುಗಳ ಆಯುಷ್ಯ ಅವುಗಳ ಯಜಮಾನರ ಕೈಯಲ್ಲಿದೆ.

ಪ್ರೀತಿಯೇನೋ ಸರಿ. ಆದರೆ ಪ್ರೀತಿ ಮಾತ್ರದಿಂದ ಕಾರು ಉಳಿಯುವುದಿಲ್ಲ. ಎಷ್ಟೋ ಕಾರುಗಳು ಅತಿ ಪ್ರೀತಿಯಿಂದಲೇ ಹಾಳಾಗುತ್ತವೆ.

ಮೊದಲ ತಪ್ಪು ನಡೆಯುವುದು ಒಣಬಟ್ಟೆಯಲ್ಲಿ. ಕಾರಿನ ಮೇಲೆ ಧೂಳು ಕಂಡ ತಕ್ಷಣ ಬಟ್ಟೆ ತೆಗೆದುಕೊಂಡು ಒರೆಸುವುದು ಬಹುಜನರ ಅಭ್ಯಾಸ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7. ಕಿಟಕಿಯ ಗಾಜೇ ಅದಕ್ಕಿಂತ ಮೆದು, ಬಣ್ಣದ ಮಾತಂತೂ ಬೇಡ. ಒಣಬಟ್ಟೆಯಲ್ಲಿ ಒರೆಸುವುದೆಂದರೆ ಉಪ್ಪುಕಾಗದದಿಂದ ಸವರಿದಂತೆಯೇ. ಬಿಸಿಲಿನಲ್ಲಿ ಕಾರಿನ ಮೈಮೇಲೆ ಜೇಡರಬಲೆಯಂತೆ ಕಾಣುವ ಗೆರೆಗಳು ಹುಟ್ಟುವುದು ಹೀಗೆ. ಗಾಜಿನ ಮೇಲೆ ನೀರು ಹಾಕದೆ ವೈಪರ್ ಓಡಿಸಿದರೂ ಅದೇ ಗತಿ.

ಆದ್ದರಿಂದ ಯಜಮಾನರು ಮೊದಲು ನೀರು ಸುರಿದು ಧೂಳನ್ನು ಇಳಿಸುತ್ತಾರೆ. ಆಮೇಲೆ ಸ್ಪಂಜು. ಬಕೆಟ್ ಎರಡು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಸ್ಪಂಜನ್ನು ತೊಳೆದುಕೊಳ್ಳಲು ಬರಿಯ ನೀರು. ಒಂದೇ ಬಕೆಟ್ಟಾದರೆ ಬಾಗಿಲಿನಿಂದ ತೆಗೆದ ಮರಳನ್ನೇ ಬಾನೆಟ್ಟಿಗೆ ಉಜ್ಜಿದಂತಾಗುತ್ತದೆ. ತೊಳೆಯುವುದು ಚಾವಣಿಯಿಂದ ಕೆಳಕ್ಕೆ, ಚಕ್ರ ಕೊನೆಗೆ. ಪೈಪು ಬಿಟ್ಟು ತೊಳೆದರೆ ಹತ್ತು ನಿಮಿಷದಲ್ಲಿ ನೂರು ಲೀಟರು ನೀರು ಚರಂಡಿ ಸೇರುವುದು ಸುಲಭ. 2024ರ ಮಾರ್ಚಿಯಲ್ಲಿ ನೀರಿಗೆ ಹಾಹಾಕಾರವೆದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಬೇಕಾಯಿತು. ಜಾಣರಿಗೆ ನಾಲ್ಕೈದು ಬಕೆಟ್ ನೀರು ಸಾಕು.

ಪಾತ್ರೆ ತಿಕ್ಕುವ ಪುಡಿ ಏಕೆ ಬೇಡ? ಅದರಲ್ಲಿ ಉಜ್ಜುವ ಕಣಗಳಿವೆ. ಎಣ್ಣೆ, ಜಿಡ್ಡು ಕಿತ್ತು ತೆಗೆಯುವುದೇ ಅದರ ಕೆಲಸವಾದ್ದರಿಂದ ಬಣ್ಣದ ಮೇಲೆ ಹಚ್ಚಿದ ಮೇಣವನ್ನೂ ಬಿಡುವುದಿಲ್ಲ. ಇನ್ನು ಬೋರ್‌ವೆಲ್ ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುವ ಗಡಸು ನೀರು ಬಿಸಿಲಿನಲ್ಲಿ ಆರಿದಾಗ ನೀರು ಹೋಗಿ ಲವಣ ಉಳಿಯುತ್ತದೆ. ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿಯ ಹೊಪ್ಪಳೆಯೇ ಕಾರಿನ ಮೇಲೆ ಚುಕ್ಕೆಯಾಗಿ ಕೂರುತ್ತದೆ. ನೆರಳಿನಲ್ಲಿ ತೊಳೆದು ಕೂಡಲೇ ಮೆತ್ತನೆಯ ಬಟ್ಟೆಯಲ್ಲಿ ನೀರು ಹೀರಿಸಿಬಿಟ್ಟರೆ ಈ ತೊಂದರೆಯೇ ಇಲ್ಲ.

ಹಕ್ಕಿಯ ಹಿಕ್ಕೆಗೆ ಮಾತ್ರ ಭಾನುವಾರದವರೆಗೆ ಕಾಯುವಂತಿಲ್ಲ. ಅದರಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಬಣ್ಣ ಮೆದುವಾಗಿ ಹಿಗ್ಗುತ್ತದೆ, ಸಂಜೆ ತಣಿದು ಕುಗ್ಗುತ್ತದೆ. ಒಣಗಿ ಗಟ್ಟಿಯಾದ ಹಿಕ್ಕೆ ಅಷ್ಟರಲ್ಲಿ ತನ್ನ ಅಚ್ಚು ಒತ್ತಿಬಿಟ್ಟಿರುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಬೇಕು. ಆಯುಧಪೂಜೆಯ ಬಾಳೆಕಂದಿನ ಸೊನೆ, ಬಂಪರಿಗೆ ಹಿಂಡಿದ ನಿಂಬೆಯ ರಸ, ಹಾರ ಕಟ್ಟಿದ ತಂತಿ ಇವೂ ಕಾರಿಗೆ ಮಿತ್ರರಲ್ಲ. ಪೂಜೆ ಬಿಡಬೇಕಾಗಿಲ್ಲ. ಸಂಜೆಗೇ ಹಾರ ಬಿಚ್ಚಿ ನೀರು ಹಾಕಿದರೆ ದೇವರು ಮುನಿಯುವುದಿಲ್ಲ.

ಎರಡನೆಯ ತಪ್ಪು ಪಾಲಿಷ್. ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿದರೂ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಪಾಲಿಷ್ ಎನ್ನುವುದು ಹೊಸದೇನನ್ನೂ ಸೇರಿಸುವುದಿಲ್ಲ. ಮಾಸಿದ ಮೇಲ್ಪದರವನ್ನು ತೇಯ್ದು ಕೆಳಗಿನ ಹೊಸದನ್ನು ತೋರಿಸುತ್ತದೆ. ಹಳೆಯ ಕಾರುಗಳಿಗೆ ಬಣ್ಣದ ಮೇಲೆ ಪಾರದರ್ಶಕ ವಾರ್ನಿಷಿನ ಪದರವಿರಲಿಲ್ಲ. ಅದಕ್ಕೇ ಅವುಗಳನ್ನು ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣವೇ ಅಂಟುತ್ತದೆ. ತಿಂಗಳಿಗೊಮ್ಮೆ ಪಾಲಿಷ್ ಮಾಡುವ ಅಭಿಮಾನಿ ತಿಂಗಳಿಗೊಮ್ಮೆ ಕಾರನ್ನು ತೆಳ್ಳಗೆ ಮಾಡುತ್ತಿರುತ್ತಾನೆ. ಬಾನೆಟ್ಟಿನ ಅಂಚುಗಳಲ್ಲಿ ಪ್ರೈಮರ್ ಇಣುಕುವುದು ಈ ಪ್ರೀತಿಯ ಫಲ. ಮೇಣದ ಲೆಕ್ಕ ಬೇರೆ. ಅದು ತೇಯುವುದಿಲ್ಲ, ಹೊದಿಸುತ್ತದೆ. ಮೇಣದ ಮೇಲೆ ಬಿದ್ದ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಾಗಿ ಉರುಳಿಹೋಗುತ್ತದೆ. ನೀರು ಹರಡಿಕೊಂಡು ನಿಲ್ಲತೊಡಗಿದರೆ ಮತ್ತೆ ಮೇಣ ಹಚ್ಚುವ ಕಾಲ ಬಂತೆಂದು ತಿಳಿಯಬೇಕು.

ಬಂಪರಿನ ಕ್ರೋಮಿಗೆ ಸಣ್ಣ ತುಕ್ಕಿನ ಚುಕ್ಕೆ ಬಿದ್ದರೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಹಗುರಾಗಿ ಉಜ್ಜಿದರೆ ಸಾಕು. ಅಲ್ಯುಮಿನಿಯಂ ಕ್ರೋಮಿಯಮ್ಮಿಗಿಂತ ಮೆದುವಾದ್ದರಿಂದ ಗೆರೆ ಬೀಳುವುದಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಬಕೆಟ್ ಕವುಚುವವರೇ ಹೆಚ್ಚು. ಆದರೆ ಕಾರು ಸಾಯುವುದು ಮೇಲಿನಿಂದಲ್ಲ, ಕೆಳಗಿನಿಂದ. ಬಾಗಿಲ ಗಾಜು ಇಳಿಯುವ ಸಂದಿಯಲ್ಲಿ ಮಳೆನೀರು ಬಾಗಿಲಿನ ಒಳಕ್ಕೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿದರೆ ಬಾಗಿಲು ಒಂದು ತೊಟ್ಟಿ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕತ್ತಲಲ್ಲಿ ಒಟ್ಟಿಗೆ ಕುಳಿತರೆ ತುಕ್ಕು ಹುಟ್ಟಲೇಬೇಕು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಬಣ್ಣವನ್ನು ಒಳಗಿನಿಂದ ಮೇಲಕ್ಕೆತ್ತುತ್ತದೆ. ಹೊರಗೆ ಒಂದು ಗುಳ್ಳೆ ಕಂಡಿತೆಂದರೆ ಒಳಗೆ ತಗಡು ತಿಂದು ಮುಗಿದಿರುತ್ತದೆ. ಕರಾವಳಿಯಲ್ಲಿ ಗಾಳಿಯಲ್ಲಿನ ಉಪ್ಪಿನಿಂದ ಈ ಕ್ರಿಯೆ ಇನ್ನೂ ಚುರುಕು.

ಇದು ಅಂದಚೆಂದದ ಮಾತಲ್ಲ. ಪದ್ಮಿನಿಗಾಗಲಿ ಅಂಬಾಸಡರಿಗಾಗಲಿ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ದೇಹವೇ ಎಲುಬಿನ ಗೂಡು. ನೆಲದ ತಗಡು, ಬಾಗಿಲ ಕೆಳಗಿನ ತೊಲೆ ತುಕ್ಕು ತಿಂದರೆ ಕಾರಿನ ಬಲವೇ ಹೋದಂತೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವುದು ಮುರಿದ ಕಾಲಿಗೆ ಕಾಲ್ಚೀಲ ಹಾಕಿದಂತೆ. ಯಜಮಾನರು ಒಂದು ಪೊರಕೆ ಕಡ್ಡಿ ಹಿಡಿದು ಬಾಗಿಲಿನ ತೂತುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಮಡ್‌ಗಾರ್ಡಿನ ಒಳಗೆ ಅಂಟಿದ ಕೆಸರನ್ನು ನೀರಿನಿಂದ ಇಳಿಸುತ್ತಾರೆ. ಒಳಗಿನ ಮ್ಯಾಟ್ ಎತ್ತಿ ಕೆಳಗೆ ಕೈಯಾಡಿಸಿ ತೇವವಿದೆಯೇ ನೋಡುತ್ತಾರೆ. ನೋಡುವವರಿಗೆ ಇದರಲ್ಲಿ ಹೊಳಪೇನೂ ಕಾಣದು. ಕಾರು ಉಳಿದಿರುವುದು ಮಾತ್ರ ಇದರಿಂದಲೇ.

ಬಾನೆಟ್ಟಿನೊಳಗೆ ಮೊದಲು ಬ್ಯಾಟರಿ. ಟರ್ಮಿನಲ್ಲುಗಳ ಮೇಲೆ ಬೆಳೆಯುವ ಬಿಳಿ-ಹಸಿರು ಹಿಟ್ಟು ಆಮ್ಲದ ಕೊಡುಗೆ. ಅಡುಗೆ ಸೋಡಾ ಬೆರೆಸಿದ ನೀರು ಹಾಕಿದರೆ ಬುರುಬುರು ನೊರೆಯೆದ್ದು ಕರಗುತ್ತದೆ. ಶಾಲೆಯ ಆಮ್ಲ-ಪ್ರತ್ಯಾಮ್ಲ ಪಾಠ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು. ಒಳಗೆ ಕಡಿಮೆಯಾದರೆ ತುಂಬಬೇಕಾದ್ದು ಡಿಸ್ಟಿಲ್ಡ್ ವಾಟರ್, ನಲ್ಲಿಯ ನೀರಲ್ಲ. ಬ್ಯಾಟರಿಯಿಂದ ಜಲಜನಕ ಹೊಮ್ಮುವುದರಿಂದ ಹತ್ತಿರ ಬೀಡಿ, ಬೆಂಕಿ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಮರೆಯುವುದು ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಡಾಟ್-3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಷಿಯಸ್‌ವರೆಗೆ ಕುದಿಯುವುದಿಲ್ಲ. ಶೇಕಡಾ 3.7ರಷ್ಟು ನೀರು ಸೇರಿತೆಂದರೆ ಈ ಮಿತಿ 140ಕ್ಕೆ ಇಳಿಯಬಹುದು. ಊರೊಳಗೆ ಓಡಾಡುವಾಗ ಇದು ಗೊತ್ತೇ ಆಗದು. ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟು ಚಾರ್ಮಾಡಿ ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ತುಳಿದರೆ ಡ್ರಮ್ಮುಗಳು ಕಾಯುತ್ತವೆ, ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸುವುದು, ಘಾಟಿಯಲ್ಲಿ ಎರಡನೆಯ ಗೇರಿನಲ್ಲೇ ಇಳಿಯುವುದು ಇವೆರಡೇ ಮದ್ದು. ಕನ್ನಡಿಯಂತೆ ಹೊಳೆಯುವ ಬಾನೆಟ್ಟು ಅಲ್ಲಿ ಯಾರನ್ನೂ ಕಾಯದು. ಅಂದಹಾಗೆ, ಈ ದ್ರವ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ. ಕೂಡಲೇ ನೀರು ಸುರಿಯಬೇಕು.

ಇತ್ತೀಚಿನ ಚಿಂತೆ ಪೆಟ್ರೋಲಿನದು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿತು. ಎಥನಾಲೂ ತೇವ ಹೀರುವ ವಸ್ತು. ನೀರು ಹೆಚ್ಚಾದರೆ ಎಥನಾಲಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳ ಸೇರಿ ತುಕ್ಕಿಗೆ ದಾರಿಯಾಗುತ್ತದೆ. ಹಳೆಯ ಕಾಲದ ರಬ್ಬರು ಪೈಪುಗಳು ಅದಕ್ಕೆ ಉಬ್ಬಿ, ಬಿರಿದು, ಸೋರಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸುವ ಖರ್ಚು ಒಂದು ಡಬ್ಬಿ ಒಳ್ಳೆಯ ಪಾಲಿಷಿಗಿಂತ ಬಹಳ ಹೆಚ್ಚಲ್ಲ.

ಕಾರನ್ನು ಹೊರಗೇ ತೆಗೆಯದೆ, ದಿನಾ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಡುವವರೂ ಇದ್ದಾರೆ. ಇದೂ ತಪ್ಪು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಕೇಳಲು ಆಶ್ಚರ್ಯವಾದರೂ ಇದು ರಸಾಯನಶಾಸ್ತ್ರದ ಸರಳ ಲೆಕ್ಕ. ಸೈಲೆನ್ಸರ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೊರಹೋಗುತ್ತದೆ. ಕಾಯದಿದ್ದರೆ ಒಳಗೇ ನಿಂತು ಸೈಲೆನ್ಸರನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದೇ ಸರಿ. ಟೈರು ಒಂದೇ ಕಡೆ ಚಪ್ಪಟೆಯಾಗುವುದೂ, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುವುದೂ ಅದರಿಂದ ತಪ್ಪುತ್ತದೆ.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗಳಿಗಷ್ಟೇ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ನಿಂತ ಹಳೆಯ ಕಾರುಗಳನ್ನು ನೋಡಿ ಬೆರಗಾಗದವರಿಲ್ಲ. ಆದರೆ ಯಜಮಾನರಿಗೆ ಬೇಕಾಗಿರುವುದು ಮೊಮ್ಮಗಳನ್ನು ಕೂರಿಸಿಕೊಂಡು ಭಾನುವಾರ ಸಂಜೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವ ಕಾರು.

ಆ ಹುಡುಗಿ ಈಗ ಪೊರಕೆ ಕಡ್ಡಿ ಹಿಡಿದು ಬಾಗಿಲ ಕೆಳಗೆ ಬಗ್ಗಿದ್ದಾಳೆ. 'ತಾತ, ಇಲ್ಲಿಂದ ನೀರು ಬಂತು!' ಎಂದು ಕೂಗುತ್ತಾಳೆ. ಎರಡು ಚಮಚದಷ್ಟು ಕೆಂಪು ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ಯಜಮಾನರು ಸ್ಪಂಜು ಕೆಳಗಿಟ್ಟು ಬಂದು ನೋಡುತ್ತಾರೆ. ಅಷ್ಟು ಹೊತ್ತು ಉಜ್ಜಿದ ಬಾನೆಟ್ಟು ಹಿಂದೆ ಹೊಳೆಯುತ್ತಿರುತ್ತದೆ. ಆ ದಿನದ ನಿಜವಾದ ಕೆಲಸ ನಡೆದದ್ದು ಮಾತ್ರ ಆ ಕಡ್ಡಿಯ ತುದಿಯಲ್ಲಿ.