ಬಚ್ಚಲ ಹಂಡೆಯೂ ಕಾಳಿಯ ವಿದ್ಯುತ್ತೂ

ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸುತ್ತಿದ್ದ ಅನೇಕರು ಈಗ ವಿದ್ಯುತ್ತಿನ ಕಡೆಗೆ ತಿರುಗುತ್ತಿದ್ದಾರೆ. ನಮ್ಮ ಅಂಬೇವಾಡಿ, ದಾಂಡೇಲಿಗಳಲ್ಲಿ ಬೆಚ್ಚಗಾಗಬೇಕಾದುದು ಮನೆಯಲ್ಲ, ಬಚ್ಚಲ ಹಂಡೆಯ ನೀರು. ಎಷ್ಟೋ ಮನೆಗಳಲ್ಲಿ ಆ ಹಂಡೆಯ ಕೆಳಗೆ ಇನ್ನೂ ಕಾಡಿನ ಕಟ್ಟಿಗೆಯೇ ಉರಿಯುತ್ತದೆ. ಆ ಒಲೆಯನ್ನು ನಂದಿಸಿ ವಿದ್ಯುತ್ತಿನಿಂದ ನೀರು ಕಾಯಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ತೆರೆದ ಒಲೆಯ ಶಾಖದಲ್ಲಿ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತದೆ. ಹೊಗೆ ಮಾತ್ರ ತಾಯಂದಿರ ಕಣ್ಣನ್ನೂ ಎದೆಯನ್ನೂ ಸೇರುತ್ತದೆ. ಕಾಯಿಲಿನ ಶಾಖವಾದರೋ ಹೆಚ್ಚುಕಡಿಮೆ ಪೂರ್ತಿಯಾಗಿ ನೀರಿಗೇ ಸಲ್ಲುತ್ತದೆ. 20 ಲೀಟರಿನ ಒಂದು ಬಕೆಟ್ ನೀರಿನ ಉಷ್ಣತೆಯನ್ನು 20 ಡಿಗ್ರಿ ಏರಿಸಲು ಸುಮಾರು ಅರ್ಧ ಯೂನಿಟ್ ಸಾಕು.

"ವಿದ್ಯುತ್ತು ಬರುವುದೂ ಕಲ್ಲಿದ್ದಲಿನಿಂದಲೇ ಅಲ್ಲವೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಆದರೆ ಕರ್ನಾಟಕದಲ್ಲಿ ಜಲ, ಗಾಳಿ, ಬಿಸಿಲುಗಳಿಂದ ಬರುವ ವಿದ್ಯುತ್ತಿನ ಪಾಲೂ ದೊಡ್ಡದು. ನಮ್ಮ ಕಾಳಿನದಿಯೇ ಸೂಪಾದಲ್ಲಿ ತಂಗಿ, ನಾಗಝರಿಯಲ್ಲಿ ಯಂತ್ರಗಳನ್ನು ತಿರುಗಿಸುತ್ತಾಳೆ. ಆ ಅಣೆಕಟ್ಟಿಗಾಗಿ ಹಳೆಯ ಸೂಪಾ ಊರೇ ನೀರಿನಲ್ಲಿ ಮುಳುಗಿತು. ನಾಡಿಗೆ ಬೆಳಕು ಕೊಡಲು ಊರನ್ನೇ ಕಳೆದುಕೊಂಡ ಸೀಮೆಯ ಜನ ಇನ್ನೂ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದು ಯಾವ ನ್ಯಾಯ?

ತೊಡಕಿರುವುದು ಹಣದಲ್ಲಿ. ತಲೆಯ ಮೇಲೆ ಹೊತ್ತು ತಂದ ಕಟ್ಟಿಗೆಗೆ ಬಿಲ್ಲು ಬರುವುದಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತವಲ್ಲ. 2022-23ರ ಸರಾಸರಿ ಬಳಕೆಗೆ ತುಸು ಸೇರಿಸಿ ಒಂದೊಂದು ಮನೆಗೆ ಒಂದೊಂದು ಮಿತಿಯನ್ನು ಗೊತ್ತುಮಾಡಲಾಯಿತು. ಅಂದು ಗೀಸರ್ ಇದ್ದ ಮನೆಗೆ ಮಿತಿ ದೊಡ್ಡದು. ಒಲೆ ಉರಿಸುತ್ತಿದ್ದ ಮನೆಗೆ ಚಿಕ್ಕದು. ದಿನಕ್ಕೆ ನಾಲ್ಕು ಬಕೆಟ್ ನೀರು ಕಾಯಿಸಿದರೆ ತಿಂಗಳಿಗೆ 60 ಯೂನಿಟ್ ಆಗುತ್ತದೆ. ಈ ಹೊರೆ ಬೀಳುವುದು ಹೊಗೆ ಬಿಟ್ಟು ವಿದ್ಯುತ್ತಿಗೆ ಬರುವ ಬಡವನ ಮೇಲೆಯೇ!

ಆದುದರಿಂದ ಕಟ್ಟಿಗೆಯ ಒಲೆಯನ್ನು ಬಿಡುವ ಮನೆಗಳಿಗೆ ಈ ಮಿತಿಯನ್ನು ಸರಕಾರ ಏರಿಸಬೇಕು. "ಕಾಡನ್ನು ಉಳಿಸಿರಿ" ಎಂದು ಬರಿದೆ ಉಪದೇಶಿಸಿದರೆ ಹಂಡೆಯ ನೀರು ಕಾಯುವುದಿಲ್ಲ. ಸಹಪಾಠಿಗಳೇ, ನಮ್ಮ ನಮ್ಮ ಮನೆಗಳ ಮಿತಿ ಎಷ್ಟೆಂದು ಮೊದಲು ತಿಳಿದುಕೊಳ್ಳೋಣ. ಮುಂದಿನ ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಮುಂದಿಟ್ಟು ಮಾತನಾಡೋಣ.